ನಾಳೆಯನ್ನು ಕಟ್ಟುವವರೇ, ಒಮ್ಮೆ ಲಾಲ್‌ಬಾಗಿಗೆ ಬನ್ನಿ

ಬೆಂಗಳೂರಿನ ಸಾಫ್ಟ್‌ವೇರ್ ಬಳಗದ ಗೆಳೆಯ ಗೆಳತಿಯರೇ, ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳೇ,

ಈ ಊರಿನಲ್ಲಿ ಭವಿಷ್ಯದ ಮಾತಿಲ್ಲದೆ ಒಂದು ದಿನವೂ ಕಳೆಯುವುದಿಲ್ಲ. ಔಟರ್ ರಿಂಗ್ ರಸ್ತೆಯ ಕಚೇರಿಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನುಗಳಲ್ಲಿ, ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲುಗಳಲ್ಲಿ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕೃತಕ ಬುದ್ಧಿಮತ್ತೆ ನಮ್ಮ ಕೆಲಸ ಕಸಿಯುತ್ತದೆಯೇ? ಕ್ವಾಂಟಮ್ ಕಂಪ್ಯೂಟರ್ ಎಂದು ಬರುತ್ತದೆ? ಮುಂದಿನ ವರ್ಷಕ್ಕೆ ಏನು ಕಲಿತಿರಬೇಕು? ಹೊಟ್ಟೆಪಾಡಿಗೆ ಅಂಟಿಕೊಂಡ ಪ್ರಶ್ನೆಗಳಿವು, ಕೇಳಲೇಬೇಕು. ಆದರೆ ಉತ್ತರಕ್ಕಾಗಿ ನೀವು ನೋಡುತ್ತಿರುವುದೆಲ್ಲ ದೂರದ ಕ್ಯಾಲಿಫೋರ್ನಿಯಾದ ಕಡೆಗೆ. ನಿಮ್ಮದೇ ಊರಿನಲ್ಲಿ, ಒಂದು ಭಾನುವಾರದಲ್ಲಿ ನೋಡಿ ಮುಗಿಸಬಹುದಾದ ಮೂರು ಜಾಗಗಳಿವೆ: ಲಾಲ್‌ಬಾಗ್, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ, ಅದೇ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಅಲ್ಲಿಗೆ ನಿಮ್ಮನ್ನು ಕರೆಯಲು ಈ ಪತ್ರ.

ನಿಮ್ಮ ಕಸುಬಿನಲ್ಲೇ ಬಹುಕಾಲ ದುಡಿದು ಈಗ ಬಿಡುವಾಗಿರುವ ಒಬ್ಬರು ಬರೆಯುತ್ತಿದ್ದಾರೆ ಎಂದು ತಿಳಿದು ಓದಿ. ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ನಮ್ಮ ವಿದ್ಯೆಯ ಮುಂದಿನ ನೂರು ವರ್ಷ ಹೇಗಿರುತ್ತದೆ ಎಂಬುದು ಯಂತ್ರಗಳು ಎಷ್ಟು ಚುರುಕಾಗುತ್ತವೆ ಎಂಬುದಕ್ಕಿಂತ, ಮಾಡಿದ್ದನ್ನು ನಾವು ಎಷ್ಟು ಕಾಲ ಕಾಪಾಡಬಲ್ಲೆವು ಎಂಬುದರ ಮೇಲೆ ನಿಂತಿದೆ. ಕಾಪಾಡುವುದು ಹೇಗೆಂದು ಈ ಊರಿನ ತೋಟಗಾರರಿಗೆ, ಕಲ್ಲುಕುಟಿಗರಿಗೆ, ಯಂತ್ರ ಜೋಡಿಸಿಟ್ಟವರಿಗೆ ಗೊತ್ತಿತ್ತು. ನಾವು ಅದನ್ನು ಇನ್ನೂ ಕಲಿಯಬೇಕಾಗಿದೆ.

ಮೊದಲು ಲಾಲ್‌ಬಾಗ್. ಒಳಗೆ ಹೋದವರು ಕೆಂಪೇಗೌಡ ಗೋಪುರ ಇರುವ ಬಂಡೆ ಹತ್ತಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬಂಡೆಯ ಮೇಲೆ ನಿಂತು ಕೆಳಗಿನ 240 ಎಕರೆ ಹಸಿರನ್ನು ನೋಡುತ್ತ ಅದರ ಒಡೆತನದ ಲೆಕ್ಕ ಹಾಕಿ. 1760ರಲ್ಲಿ ಹೈದರಾಲಿ ಶುರುಮಾಡಿದ; ಟಿಪ್ಪು ಹೊರದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ; ಆಮೇಲೆ ಬ್ರಿಟಿಷರು, ಮೈಸೂರು ಅರಸರ ಸರ್ಕಾರ, ಕೊನೆಗೆ ರಾಜ್ಯದ ತೋಟಗಾರಿಕೆ ಇಲಾಖೆ. ಇವರಲ್ಲಿ ಕೆಲವರು ಒಬ್ಬರ ಮೇಲೊಬ್ಬರು ಯುದ್ಧ ಮಾಡಿದವರು. ಆದರೂ ತೋಟ ಕೈಯಿಂದ ಕೈಗೆ ದಾಟಿತು, ಮರಗಳು ಉಳಿದವು. ಕಂಪನಿ ಕೈಬದಲಾದ ಮರುವರ್ಷವೇ ಮುಚ್ಚಿಹೋಗುವ ಆ್ಯಪ್‌ಗಳ ನಡುವೆ ಬದುಕುವ ನಮಗೆ ಇದು ದೊಡ್ಡ ಪಾಠ. ಒಡೆಯರು ಬದಲಾದರೂ ಉಳಿಯುವಂಥದ್ದನ್ನು ಕಟ್ಟುವುದು ಸಾಧ್ಯವಿದೆ.

ಅದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರ ಕೆಲಸ ನೋಡಬೇಕು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾ ಸಂಸ್ಥಾನದಲ್ಲಿ ದುಡಿದು, 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತವರು ಅವರು. ವರ್ಷವಿಡೀ ಬೆಂಗಳೂರಿನ ಯಾವುದಾದರೂ ಒಂದು ಬೀದಿ ಹೂವಲ್ಲಿರಬೇಕೆಂದು, ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ಸಾಲುಮರಗಳನ್ನು ಆರಿಸಿ ನೆಡಿಸಿದರು. ಮಾರ್ಚಿನಲ್ಲಿ ಜಕರಂಡದ ನೀಲಿ, ಏಪ್ರಿಲ್ ದಾಟಿದರೆ ಗುಲ್‌ಮೊಹರಿನ ಕೆಂಪು, ಚಳಿ ಶುರುವಾಗುವ ಹೊತ್ತಿಗೆ ಆಕಾಶಮಲ್ಲಿಗೆಯ ಘಮ. ನಡುವೆ ಹೊಂಗೆಯ ಎಳೆಹಸಿರು ಬೇರೆ. ಇವನ್ನೆಲ್ಲ ನೋಡುತ್ತ ಓಡಾಡುವ ನಾವು, ಇದರ ಹಿಂದೆ ಒಂದು ಲೆಕ್ಕಾಚಾರವಿತ್ತು ಎಂಬುದನ್ನು ಮರೆತಿದ್ದೇವೆ. ಯಾವ ಮರ ಎಷ್ಟು ವರ್ಷಕ್ಕೆ ನೆರಳು ಕೊಡುತ್ತದೆ, ಯಾವ ತಿಂಗಳಲ್ಲಿ ಎಲೆ ಉದುರಿಸುತ್ತದೆ, ಯಾವ ಮಣ್ಣಿಗೆ ಒಗ್ಗುತ್ತದೆ ಎಂಬುದನ್ನು ತಿಳಿದವರು ಹಾಕಿದ ಲೆಕ್ಕ ಅದು. ಮರ ದೊಡ್ಡದಾಗುವ ಹೊತ್ತಿಗೆ ತಾವು ಇರುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಕ್ರುಂಬಿಗಲ್ 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಲಾಲ್‌ಬಾಗಿನ ಪಕ್ಕದ ಒಂದು ರಸ್ತೆಗೆ ಅವರ ಹೆಸರಿದೆ.

ಅವರೊಬ್ಬರಿಂದಲೇ ಎಲ್ಲವೂ ಆಯಿತು ಎಂದರೆ ತಪ್ಪಾಗುತ್ತದೆ. ಅವರಿಗಿಂತ ಮುಂಚೆ ಜಾನ್ ಕ್ಯಾಮರಾನ್ ಇದ್ದರು. ಗಾಜಿನ ಮನೆ ಎದ್ದದ್ದು ಅವರ ಕಾಲದಲ್ಲಿ, ಅದಕ್ಕೆ 1889ರಲ್ಲಿ ಅಡಿಗಲ್ಲು ಬಿತ್ತು. ನಮ್ಮ ಸಾಂಬಾರಿಗೆ ಬೀಳುವ ಸೀಮೆಬದನೆಕಾಯಿಯನ್ನು ಈ ಮಣ್ಣಿಗೆ ತಂದ ಹೆಗ್ಗಳಿಕೆಯೂ ಅವರದೇ. ಕ್ರುಂಬಿಗಲ್ ನಂತರ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಅವರು ಲಾಲ್‌ಬಾಗನ್ನು ಉಳಿಸಿಕೊಂಡದ್ದಷ್ಟೇ ಅಲ್ಲದೆ ತೋಟಗಾರಿಕೆಯನ್ನು ರಾಜ್ಯದ ಹಳ್ಳಿಹಳ್ಳಿಗೆ ಒಯ್ದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ಮುಂದಾಳುತನದಲ್ಲಿ ನಗರದ ಬೀದಿಗಳಲ್ಲಿ ಸುಮಾರು 15 ಲಕ್ಷ ಗಿಡ ನೆಡಲಾಯಿತು. ಹಿಂದಿನವರು ಮಾಡಿದ್ದನ್ನು ಕಿತ್ತು ಹೊಸದಾಗಿ ಶುರುಮಾಡೋಣ ಎಂದು ಇವರಲ್ಲಿ ಯಾರೂ ಹೊರಡಲಿಲ್ಲ. ಹಳೆಯ ಕೋಡ್ ಕಂಡ ಕೂಡಲೇ ಅಳಿಸಿ ಹೊಸದು ಬರೆಯಬೇಕೆಂದು ಕೈ ತುರಿಸುವ ನಮ್ಮವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು. ನಮ್ಮ ಕಸುಬಿನಲ್ಲಿ ಹೊಸದನ್ನು ಬಿಡುಗಡೆ ಮಾಡಿದವರಿಗೆ ಬಡ್ತಿ ಸಿಗುತ್ತದೆ. ಹತ್ತು ವರ್ಷ ಒಂದು ವ್ಯವಸ್ಥೆ ಕೆಡದಂತೆ ನೋಡಿಕೊಂಡವರ ಹೆಸರು ಯಾವ ಸಭೆಯಲ್ಲೂ ಕೇಳಿಬರುವುದಿಲ್ಲ. ಈ ರೂಢಿ ಬದಲಾಗದ ಹೊರತು ನಾವು ಕಟ್ಟಿದ ಯಾವುದೂ ನಮ್ಮ ಮೊಮ್ಮಕ್ಕಳ ಕಾಲಕ್ಕೆ ತಲುಪುವುದಿಲ್ಲ.

ಲಾಲ್‌ಬಾಗಿನಿಂದ ಕಸ್ತೂರ್ಬಾ ರಸ್ತೆಗೆ ಬನ್ನಿ. ಕಬ್ಬನ್ ಪಾರ್ಕಿನ ಅಂಚಿನಲ್ಲಿ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಎಡ್ವರ್ಡ್ ಬಾಲ್ಫೋರ್ ಅವರ ಮಾರ್ಗದರ್ಶನದಲ್ಲಿ 1865ರಲ್ಲಿ ಆರಂಭವಾದ ಸಂಗ್ರಹ ಇದು. ಈಗಿನ ಕಟ್ಟಡಕ್ಕೆ ಬಂದದ್ದು 1877ರಲ್ಲಿ. ಇಲ್ಲಿ ನೀವು ನೋಡಲೇಬೇಕಾದ ಒಂದು ಕಲ್ಲಿದೆ, ಆತಕೂರಿನ ವೀರಗಲ್ಲು. ಆತಕೂರು ಈಗಿನ ಮಂಡ್ಯ ಜಿಲ್ಲೆಯ ಊರು. ಕಲ್ಲಿನ ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ನಿಂತ ಗಂಗರ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಚರಿತ್ರಕಾರರಿಗೆ ಅದು ಮುಖ್ಯ. ನಮಗೆ ಮುಖ್ಯವಾದದ್ದು ಅದರ ಜೊತೆಗಿರುವ ಇನ್ನೊಂದು ಕತೆ. ಆ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಬೇಕಾದ್ದು ಕೇಳೆಂದಾಗ ಅವನು ಊರು ಕೇರಿ ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಅದರ ನೆನಪಿಗೆ ಈ ಕಲ್ಲು ನಿಂತಿತು. ಹಂದಿಯ ಮೇಲೆ ಎರಗಿದ ನಾಯಿಯ ಕೆತ್ತನೆಯನ್ನು ಇಂದಿಗೂ ಸ್ಪಷ್ಟವಾಗಿ ನೋಡಬಹುದು.

ಕಲ್ಲು ನಿಲ್ಲಿಸಿದವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ನೋಡಿಕೊಳ್ಳಬೇಕಾದವನು ಅಲ್ಲಿನ ಗೊರವ, ಅಂದರೆ ಶೈವ ಅರ್ಚಕ, ಎಂದು ಗೊತ್ತುಮಾಡಿದರು. ಕಲ್ಲಿಗೆ ಪೂಜೆ ಮಾಡದೆ ಅವನು ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದೂ ಬರೆಸಿದರು. ನೆನಪು ಉಳಿಯಬೇಕಾದರೆ ಅದಕ್ಕೊಂದು ಆದಾಯ ಬೇಕು, ಹೊಣೆಗಾರ ಬೇಕು, ಹೊಣೆ ತಪ್ಪಿದರೆ ಕೇಳುವವರು ಬೇಕು ಎಂಬ ಅರಿವು ಹತ್ತನೆಯ ಶತಮಾನದ ಒಂದು ಹಳ್ಳಿಯಲ್ಲಿತ್ತು. ನಮ್ಮ ಸರ್ಕಾರಿ ಯೋಜನೆಗಳ, ಕಂಪನಿಗಳ, ವಿಶ್ವವಿದ್ಯಾಲಯಗಳ ಎಷ್ಟು ದತ್ತಾಂಶ ಸಂಗ್ರಹಗಳಿಗೆ ಈ ಮೂರೂ ಇವೆ? ಯೋಜನೆಯ ಹಣ ಮುಗಿದ ಮೇಲೆ ಸರ್ವರಿನ ಬಾಡಿಗೆ ಯಾರು ಕಟ್ಟಬೇಕು ಎಂದು ಮೊದಲ ದಿನವೇ ಬರೆದಿಟ್ಟ ಎಷ್ಟು ಒಪ್ಪಂದಗಳನ್ನು ನೀವು ನೋಡಿದ್ದೀರಿ?

ಇದನ್ನು ನಾನು ಸುಮ್ಮನೆ ಕೇಳುತ್ತಿಲ್ಲ. ಸಾವಿರ ವರ್ಷ ದಾಟಿದ ಆ ಕಲ್ಲಿನ ಬರಹವನ್ನು ಹಳಗನ್ನಡ ಲಿಪಿ ಬಲ್ಲವರು ಇವತ್ತೂ ಓದುತ್ತಾರೆ. ಆದರೆ 1990ರ ದಶಕದಲ್ಲಿ ಟೈಪ್ ಮಾಡಿದ ಸಾವಿರಾರು ಕನ್ನಡ ಕಡತಗಳನ್ನು ಇವತ್ತಿನ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕಾರಣ ನಿಮಗೆ ಗೊತ್ತು. ಆಗಿನ ಒಂದೊಂದು ತಂತ್ರಾಂಶವೂ ಕನ್ನಡ ಅಕ್ಷರಗಳ ತುಂಡುಗಳಿಗೆ ತನ್ನದೇ ಸಂಕೇತ ಸಂಖ್ಯೆ ಕೊಟ್ಟಿತ್ತು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಯೂನಿಕೋಡ್‌ನಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಮುದ್ರಣಾಲಯಗಳಿಗೆ, ಕಚೇರಿಗಳಿಗೆ ಅದು ತಲುಪಲು ಬಹಳ ವರ್ಷ ಹಿಡಿಯಿತು. ಆ ಕಾಲದಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದವರನ್ನು ನಾನು ದೂರುತ್ತಿಲ್ಲ. ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್, ಬರಹ ತಂತ್ರಾಂಶ ರೂಪಿಸಿದ ಶೇಷಾದ್ರಿವಾಸು, ನುಡಿಯನ್ನು ಹೊರತಂದ ಕನ್ನಡ ಗಣಕ ಪರಿಷತ್ತಿನವರು ಇಲ್ಲದೆ ಹೋಗಿದ್ದರೆ ನಾನು ಈ ಪತ್ರವನ್ನು ಹೀಗೆ ಬರೆಯಲಾಗುತ್ತಿರಲಿಲ್ಲ. ಆದರೆ ಅವರ ತಂತ್ರಾಂಶಗಳಲ್ಲಿ ಬರೆದ ಕತೆ, ಕವಿತೆ, ಪ್ರಬಂಧ, ಸಂಶೋಧನೆ, ಜಿಲ್ಲಾ ಪತ್ರಿಕೆಗಳ ಪುಟಗಳನ್ನೆಲ್ಲ ಹೊಸ ಸಂಕೇತಕ್ಕೆ ತರುವ ಕೆಲಸ ಪೂರ್ತಿಯಾಗಿಲ್ಲ. ಅವುಗಳಲ್ಲಿ ಬಹಳಷ್ಟು ಇನ್ನೂ ಫ್ಲಾಪಿಗಳಲ್ಲಿ, ಸಿ.ಡಿ.ಗಳಲ್ಲಿ ಕೂತಿವೆ. ಫ್ಲಾಪಿಯ ಕಾಂತಪದರ ಕಾಲ ಕಳೆದಂತೆ ಸವೆಯುತ್ತದೆ, ಅದಕ್ಕೆ ಕಾಯುವ ತಾಳ್ಮೆಯಿಲ್ಲ.

ಭವಿಷ್ಯದ ಮಾತು ಇಲ್ಲಿಯೇ ಬರುತ್ತದೆ. ದೊಡ್ಡ ಭಾಷಾ ಮಾದರಿಗಳು ಯಾವ ಭಾಷೆಯನ್ನಾದರೂ ಕಲಿಯುವುದು ಅದರಲ್ಲಿ ಸಿಗುವ ಬರಹದಿಂದ. ಓದಲಾಗದ ಕಡತದಿಂದ ಯಂತ್ರ ಏನನ್ನೂ ಕಲಿಯುವುದಿಲ್ಲ. ನಮ್ಮ ಧಾರವಾಡ, ಕುಂದಾಪುರ, ಚಾಮರಾಜನಗರಗಳ ಕನ್ನಡ ಆ ಕಡತಗಳಲ್ಲಿ ಮುಚ್ಚಿಹೋದರೆ, ನಾಳೆ ನಮ್ಮ ಮಕ್ಕಳೊಂದಿಗೆ ಮಾತಾಡುವ ಯಂತ್ರಗಳ ಕನ್ನಡ ಅನುವಾದದ ಕನ್ನಡವಾಗಿರುತ್ತದೆ. ಕೃತಕ ಬುದ್ಧಿಮತ್ತೆಯಲ್ಲಿ ಕನ್ನಡದ ಸ್ಥಾನವೇನು ಎಂದು ವಿಚಾರ ಸಂಕಿರಣ ನಡೆಸುವವರು ಮೊದಲು ಹಳೆಯ ಫ್ಲಾಪಿಗಳ ಧೂಳು ಒರೆಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದೇ ಕಸ್ತೂರ್ಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಸಂಗ್ರಹಾಲಯವಿದೆ. 1962ರ ಏಪ್ರಿಲ್‌ನಲ್ಲಿ ಸರ್ ಎಂ.ವಿ. ತೀರಿಕೊಂಡರು, ಅದೇ ವರ್ಷ ಜುಲೈನಲ್ಲಿ ಜವಾಹರಲಾಲ್ ನೆಹರೂ ಈ ಕಟ್ಟಡವನ್ನು ಉದ್ಘಾಟಿಸಿದರು. 1965ರ ಜುಲೈನಲ್ಲಿ ವಿದ್ಯುತ್ ತಂತ್ರವನ್ನು ಕುರಿತ ಮೊದಲ ವಿಭಾಗ ಜನರಿಗೆ ತೆರೆಯಿತು. ಆ ವರ್ಷದ ಏಪ್ರಿಲ್‌ನಲ್ಲೇ ಅಮೆರಿಕದಲ್ಲಿ ಗೋರ್ಡನ್ ಮೂರ್ ಒಂದು ಲೇಖನ ಬರೆದು, ಒಂದು ಚಿಪ್‌ನಲ್ಲಿ ಕೂರುವ ಭಾಗಗಳ ಸಂಖ್ಯೆ ವರ್ಷವರ್ಷವೂ ಇಮ್ಮಡಿಯಾಗುತ್ತಿದೆ ಎಂದಿದ್ದರು. ಹತ್ತು ವರ್ಷದ ಮೇಲೆ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ನಮ್ಮ ಕಸುಬಿನ ಓಟಕ್ಕೆ ಗತಿ ಹಾಕಿಕೊಟ್ಟ ಆ ಮಾತಿಗೂ ಈ ಸಂಗ್ರಹಾಲಯದ ಮೊದಲ ವಿಭಾಗಕ್ಕೂ ಒಂದೇ ವಯಸ್ಸು.

ಒಳಗೆ ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಇದೆ, ಎಂಜಿನುಗಳ ವಿಭಾಗವಿದೆ. ಮಕ್ಕಳು ಗುಂಡಿ ಒತ್ತುತ್ತಾರೆ, ಚಕ್ರ ತಿರುಗುತ್ತದೆ, ಒಂದು ಹಲ್ಲು ಇನ್ನೊಂದನ್ನು ಹೇಗೆ ತಳ್ಳುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ಯಂತ್ರದ ಬಗೆಗಿನ ಹೆದರಿಕೆ ಹೋಗಿ ಅದರ ಮೇಲೆ ಹಕ್ಕು ಹುಟ್ಟುವುದು ಹೀಗೆ. ಇನ್ನು ನೀವು ಕಟ್ಟುತ್ತಿರುವ ಯಂತ್ರವನ್ನು ನೆನೆಯಿರಿ. ಅದರ ಒಳಗೆ ಸಾವಿರಾರು ಕೋಟಿ ಅಂಕಿಗಳಿವೆ. ಯಾವ ಅಂಕಿ ಯಾವ ಉತ್ತರವನ್ನು ಹೊರಡಿಸಿತು ಎಂದು ಕಟ್ಟಿದವರೂ ಬೆರಳಿಟ್ಟು ತೋರಿಸಲಾರರು. ನೂರು ವರ್ಷದ ಮೇಲೆ ಒಂದು ಸಂಗ್ರಹಾಲಯ ಇದನ್ನು ಪ್ರದರ್ಶನಕ್ಕಿಡಬೇಕಾದರೆ ಏನನ್ನು ಇಡುತ್ತದೆ?

ಇದಕ್ಕೆ ಲಂಡನ್ನಿನ ಸೈನ್ಸ್ ಮ್ಯೂಸಿಯಂ ಒಂದು ಉತ್ತರ ಕೊಟ್ಟಿದೆ. ಚಾರ್ಲ್ಸ್ ಬ್ಯಾಬೇಜ್ 1847ರಿಂದ 1849ರವರೆಗೆ ತನ್ನ ಎರಡನೆಯ ಡಿಫರೆನ್ಸ್ ಎಂಜಿನ್ ಎಂಬ ಲೆಕ್ಕದ ಯಂತ್ರದ ನಕ್ಷೆಗಳನ್ನು ಬರೆದ. ಅವನು ಬದುಕಿದ್ದಾಗ ಆ ಯಂತ್ರವನ್ನು ಯಾರೂ ಕಟ್ಟಲಿಲ್ಲ; ಕಟ್ಟಿದರೂ ನಡೆಯುತ್ತಿರಲಿಲ್ಲ ಎಂದವರಿದ್ದರು. ನಕ್ಷೆಗಳು ಮಾತ್ರ ಸಂಗ್ರಹಾಲಯದಲ್ಲಿ ಜೋಪಾನವಾಗಿದ್ದವು. ಡೋರನ್ ಸ್ವೇಡ್ ಅವರ ಮುಂದಾಳುತನದಲ್ಲಿ ಅಲ್ಲಿನವರು, ಬ್ಯಾಬೇಜನ ಕಾಲದಲ್ಲಿ ಸಾಧ್ಯವಿದ್ದಷ್ಟೇ ನಿಖರತೆಯಲ್ಲಿ ಬಿಡಿಭಾಗಗಳನ್ನು ಮಾಡಿಸಿ, 1991ರಲ್ಲಿ, ಅವನು ಹುಟ್ಟಿ ಇನ್ನೂರು ವರ್ಷವಾದಾಗ, ಲೆಕ್ಕ ಮಾಡುವ ಭಾಗವನ್ನು ನಿಲ್ಲಿಸಿದರು. ಅದು 31 ಅಂಕಿಗಳವರೆಗೆ ಸರಿಯಾಗಿ ಲೆಕ್ಕ ಮಾಡಿತು. 2002ರಲ್ಲಿ ಮುದ್ರಿಸುವ ಭಾಗವೂ ಪೂರ್ತಿಯಾಯಿತು. ಒಂದೂವರೆ ಶತಮಾನದ ವಾದ ತೀರಿದ್ದು ಯಾರೋ ಕಾಗದವನ್ನು ಬಿಸಾಡದೆ ಇಟ್ಟದ್ದರಿಂದ.

ಹಾಗಾಗಿ ನೀವು ತಯಾರಿಸುವ ಪ್ರತಿಯೊಂದು ಮಾದರಿಯ ಜೊತೆಗೂ ಅದರ ಹುಟ್ಟಿನ ದಾಖಲೆ ಇರಬೇಕು. ಯಾವ ಬರಹಗಳಿಂದ ಕಲಿಸಿದಿರಿ, ಯಾವುದನ್ನು ಬಿಟ್ಟಿರಿ, ಸರಿ ತಪ್ಪು ಗುರುತು ಹಾಕಿದ ಕೈಗಳು ಯಾರವು, ಎಷ್ಟು ಕರೆಂಟು ಖರ್ಚಾಯಿತು ಎಂಬುದೆಲ್ಲ ಅದರಲ್ಲಿರಬೇಕು. ವ್ಯಾಪಾರದ ಗುಟ್ಟು ಎಂದು ಇವತ್ತು ಮುಚ್ಚಿಟ್ಟರೂ, ಇಷ್ಟು ವರ್ಷದ ಮೇಲೆ ತೆರೆಯತಕ್ಕದ್ದು ಎಂದು ಬರೆದು ಒಂದು ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸಬಹುದು. ಲಾಲ್‌ಬಾಗಿನ ಮರಗಳಿಗೆ ಹೆಸರಿನ ಫಲಕವಿದೆ. ನಮ್ಮ ಬದುಕನ್ನು ಆಳತೊಡಗಿರುವ ಯಂತ್ರಗಳಿಗೆ ಅಷ್ಟಾದರೂ ಬೇಡವೇ?

ಕರೆಂಟಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್, ಅಂದರೆ ಜಗತ್ತಿನ ವಿದ್ಯುತ್ತಿನಲ್ಲಿ ಶೇ. 1.5ರಷ್ಟು. 2030ರ ಹೊತ್ತಿಗೆ ಅದು ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ ಎಂದೂ ಅದೇ ಸಂಸ್ಥೆ ಹೇಳಿದೆ. ಅಷ್ಟು ವಿದ್ಯುತ್ತು ಶಾಖವಾಗುತ್ತದೆ; ಆ ಶಾಖ ತಣಿಸಲು ಬಹಳ ಕಡೆ ನೀರು ಬೇಕು. ಬೆಂಗಳೂರಿಗೆ ಕಾವೇರಿಯ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಬೆಟ್ಟದಷ್ಟು ಎತ್ತರಕ್ಕೆ ಪಂಪ್ ಆಗಿ. 1905ರಲ್ಲಿ ಈ ಊರಿನ ಬೀದಿದೀಪ ಹತ್ತಿಸಿದ್ದೂ ಶಿವನಸಮುದ್ರದಲ್ಲಿ ಅದೇ ನದಿ ಕೊಟ್ಟ ಕರೆಂಟು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಕೊಡ ಹಿಡಿದು ನಿಂತವರನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮ ಅಪಾರ್ಟ್‌ಮೆಂಟುಗಳಲ್ಲೂ ಕೆಲವರು ನಿಂತಿರಬಹುದು. ಲಾಲ್‌ಬಾಗ್, ಕಬ್ಬನ್ ಪಾರ್ಕುಗಳಲ್ಲಿ ಕೊಳಚೆ ನೀರನ್ನು ಶುದ್ಧಮಾಡಿ ಗಿಡಮರಗಳಿಗೆ ಉಣಿಸುವ ಘಟಕಗಳಿವೆ. ಕುಡಿಯುವ ನೀರಿಗೆ ಕೈಹಾಕದೆ ತಣಿಯುವ ಡೇಟಾ ಸೆಂಟರ್ ಕಟ್ಟುವುದು ಈ ಊರಿನ ಎಂಜಿನಿಯರುಗಳ ಬುದ್ಧಿಗೆ ಮೀರಿದ ಕೆಲಸವೇನೂ ಅಲ್ಲ. ಇದನ್ನು ಕಂಪನಿಯ ಒಳಗಿನಿಂದ ಕೇಳಬೇಕಾದವರು ನೀವು. ಹೊರಗಿನವರು ಕೇಳಿದರೆ ಪ್ರತಿಭಟನೆ ಎನ್ನಿಸಿಕೊಳ್ಳುತ್ತದೆ, ನೀವು ಕೇಳಿದರೆ ವಿನ್ಯಾಸದ ಷರತ್ತಾಗುತ್ತದೆ.

ಇನ್ನೊಂದು ಬಿನ್ನಹವಿದೆ, ಅದು ನಮ್ಮದೇ ಚರಿತ್ರೆಯದು. 1976ರಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಹುಟ್ಟಿತು. ಅದರ ಮೊದಲ ಮುಖ್ಯಸ್ಥ ಆರ್.ಕೆ. ಬಾಳಿಗರು ಕಂಡ ಕನಸು ಎಲೆಕ್ಟ್ರಾನಿಕ್ ಸಿಟಿ. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಇಲ್ಲಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದು ಉಪಗ್ರಹದ ಮೂಲಕ ಕೆಲಸವನ್ನು ಕಡಲಾಚೆ ಕಳಿಸತೊಡಗಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಬೆಂಗಳೂರಿನ ಎಂಜಿನಿಯರುಗಳು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ರೂಪಿಸಿದರು. ಓದು ಬರಹ ಬಾರದವರಿಗೂ ನಮ್ಮ ಭಾಷೆಗಳಲ್ಲಿ ದನಿಗೂಡಿಸಿ ಓದಿಹೇಳಬೇಕೆಂಬುದು ಅದರ ಆಸೆಯಾಗಿತ್ತು. ಬೆರಳಲ್ಲಿ ಮುಟ್ಟುವ ಫೋನುಗಳು ಜಗತ್ತನ್ನು ಆವರಿಸುವ ಮುನ್ನವೇ ಅದು ಬಂದಿತ್ತು. ವ್ಯಾಪಾರದಲ್ಲಿ ಅದು ನಿಲ್ಲಲಿಲ್ಲ. ಗೆಲ್ಲದ ಯಂತ್ರಗಳನ್ನು ಎದುರಿಗಿಟ್ಟು ಏಕೆ ನಿಲ್ಲಲಿಲ್ಲ ಎಂದು ಕೇಳುವ ಅವಕಾಶ ಮಕ್ಕಳಿಗೆ ಬೇಕು. ವಿಶ್ವೇಶ್ವರಯ್ಯ ಸಂಗ್ರಹಾಲಯದ ಅಂಗಳದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡ ಮಾರುತ್ ಯುದ್ಧವಿಮಾನವನ್ನು ನಿಲ್ಲಿಸಿದ್ದಾರೆ. ಸಾಫ್ಟ್‌ವೇರಿಗೂ ಅಂಥದೊಂದು ಅಂಗಳ ಸಿಗಬೇಕು. ಮೊದಲ ಉಪಗ್ರಹ ತಟ್ಟೆಯ ಚಿತ್ರ, ಮೊದಲ ಕನ್ನಡ ಕೀಲಿಮಣೆ, ಮೊದಲ ಕೋಡಿನ ಪುಟ, ರಾತ್ರಿಪಾಳಿಯಲ್ಲಿ ದುಡಿದವರ ನೆನಪಿನ ಮಾತು ಎಲ್ಲವೂ ಅಲ್ಲಿರಬೇಕು. ಈ ಪೀಳಿಗೆಯವರಿಗೆ ವಯಸ್ಸಾಗುತ್ತಿದೆ, ಅವರ ದನಿಯನ್ನು ಈಗಲೇ ದಾಖಲಿಸಬೇಕು.

ಕಂಪನಿಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ ನೇರವಾದದ್ದು: ಕಟ್ಟಡವೊಂದಕ್ಕೆ ಹಣ ಕೊಡುವುದು ಸುಲಭ, ಅದನ್ನು ನೋಡಿಕೊಳ್ಳುವವರ ಸಂಬಳಕ್ಕೆ ಶಾಶ್ವತ ನಿಧಿ ಇಡಿ. ಆತಕೂರಿನವರು ಭೂಮಿ ಬಿಟ್ಟಂತೆ ಬಿಡಿ.

ಉಳಿದವರಲ್ಲಿ, ಅಂದರೆ ನಿಮ್ಮೆಲ್ಲರಲ್ಲಿ ಕೇಳುವುದು ಇಷ್ಟೇ. ಈ ಭಾನುವಾರ ಹೋಗಿ ಬನ್ನಿ, ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ಬಂದ ಮೇಲೆ ಮನೆಯ ಅಟ್ಟ ನೋಡಿ, ಅಪ್ಪ ಅಮ್ಮನ ಹಳೆಯ ಕಂಪ್ಯೂಟರ್ ನೋಡಿ. ಹಳೆಯ ಫಾಂಟುಗಳಲ್ಲಿರುವ ಕನ್ನಡ ಕಡತಗಳು ಸಿಕ್ಕರೆ ಯೂನಿಕೋಡ್‌ಗೆ ತನ್ನಿ; ಪರಿವರ್ತಿಸುವ ತಂತ್ರಾಂಶಗಳಿವೆ, ಇಲ್ಲದ ಫಾಂಟಿಗೆ ಬರೆಯುವುದು ನಿಮಗೆ ಒಂದು ಸಂಜೆಯ ಕೆಲಸ. ಬರೆದವರ ಹೆಸರು, ಊರು, ವರ್ಷ ತಪ್ಪದೆ ನಮೂದಿಸಿ, ಅವರ ಒಪ್ಪಿಗೆ ಪಡೆದು, ನಿಮ್ಮ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸಿ. ಹಕ್ಕುಸ್ವಾಮ್ಯ ಮುಗಿದ ಪುಸ್ತಕವಾದರೆ ಕನ್ನಡ ವಿಕಿಸೋರ್ಸ್‌ಗೆ ಹಾಕಿ. ಒಬ್ಬೊಬ್ಬರು ಒಂದೊಂದು ಪೆಟ್ಟಿಗೆ ತೆರೆದರೂ ಸಾಕು. ದಯವಿಟ್ಟು ಮುಂದಿನ ಮಳೆಗಾಲದ ತೇವ ಆ ಫ್ಲಾಪಿಗಳಿಗೆ ತಗಲುವ ಮುನ್ನ ಶುರುಮಾಡಿ.

ವಿಶ್ವಾಸದಿಂದ,
ನಿಮ್ಮ ಹಳೆಯ ಸಹೋದ್ಯೋಗಿ